ನಾನೂರರ ಸದ್ದು

ಇಂಥದ್ದನ್ನು ಬೇರೆಯವರು ಹೇಳಿದರೆ ಮೊದಲು ನಗುವವನು ನಾನೇ. ವಿಮಾನಗಳ ವಿದ್ಯುತ್ ಕೆಲಸ ಮಾಡಿ ಹೊಟ್ಟೆ ಹೊರೆಯುವವನಿಗೆ ದೆವ್ವ, ಶಕುನಗಳ ಗೊಡವೆ ಯಾಕೆ? ನಮ್ಮಲ್ಲಿ ಎಲ್ಲವನ್ನೂ ಅಳೆಯಲು ಮೀಟರ್ ಇದೆ. ಈ ಒಂದನ್ನು ಮಾತ್ರ ಅಳೆಯಲಾಗಿಲ್ಲ.

ಮೊದಲು ಒಂದು ಮಾತು ತಿಳಿದಿರಲಿ. ಮನೆಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಡಾಡುತ್ತದೆ, ವಿಮಾನದ್ದು ನಾನೂರು ಸಲ. ಮನೆಯದು ದುಂಬಿಯಂತೆ ಗುಂಯ್‌ಗುಟ್ಟಿದರೆ ವಿಮಾನದ್ದು ಸೊಳ್ಳೆಯಂತೆ ಸಣ್ಣಗೆ ಕೀರುತ್ತದೆ. ನಿದ್ದೆಯಲ್ಲಿದ್ದರೂ ನಾನು ಎರಡನ್ನೂ ಗುರುತಿಸಬಲ್ಲೆ.

ಕೆಲವು ವರ್ಷಗಳ ಹಿಂದೆ ರಜೆಗೆ ನಮ್ಮೂರು ದೇವಿಕೊಪ್ಪಕ್ಕೆ ಹೋಗಿದ್ದೆ. ಕಾಕಾನ ಕಬ್ಬಿನ ಹೊಲದ ಪಂಪಸೆಟ್ಟಿನ ಸ್ಟಾರ್ಟರ್ ಕೆಟ್ಟಿತ್ತು. "ಕರೆಂಟ್ ಹೋಗೇತಿ ತಮ್ಮಾ, ನೀ ನಿಶ್ಚಿಂತಿಲೆ ಮಾಡು," ಎಂದು ಕಾಕಾ ಹೊಲದ ಆ ತುದಿಗೆ ಹೋದ. ಟೆಸ್ಟರ್ ನನ್ನ ಜೇಬಿನಲ್ಲೇ ಇತ್ತು. ಪರೀಕ್ಷಿಸದೆ ತಂತಿ ಮುಟ್ಟಬೇಡಿ ಎಂದು ಹೊಸಬರಿಗೆ ದಿನಾ ಪಾಠ ಮಾಡುವವನೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಪಂಪಿನ ಕೋಣೆ ಹೊಕ್ಕು ಸ್ಟಾರ್ಟರ್ ಡಬ್ಬಿಯ ಮುಚ್ಚಳ ಬಿಚ್ಚುವಷ್ಟರಲ್ಲಿ ಗಾಳಿಗೆ ತಗಡಿನ ಬಾಗಿಲು ಬಡಿದು ಹೊರಗಿನ ಚಿಲಕ ಬಿತ್ತು. ಕಿಟಕಿಯಿಲ್ಲದ ಕೋಣೆ. ನೆಲದ ಮೇಲೆ ನೀರು, ನನ್ನದು ಬರಿಗಾಲು. ಕೂಗಿದೆ, ಬಾಗಿಲು ಗುದ್ದಿದೆ. ಆಳೆತ್ತರದ ಕಬ್ಬಿನಾಚೆ ಯಾರಿಗೆ ಕೇಳೀತು? ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ. ಕಾಕಾ ಬರುವಷ್ಟರಲ್ಲಿ ಕೆಲಸವಾದರೂ ಮುಗಿಯಲಿ ಎಂದು ಮೊಬೈಲಿನ ಬೆಳಕಲ್ಲಿ ಡಬ್ಬಿಗೆ ಕೈ ಚಾಚಿದೆ.

ಸಣ್ಣಗೆ ಕೀರುವ ಸದ್ದು ಕೇಳಿಸಿತು. ನಾನೂರರದು. ಕೈ ಹಿಂದಕ್ಕೆ ತೆಗೆದೆ, ನಿಂತಿತು. ಮತ್ತೆ ಚಾಚಿದೆ, ಮತ್ತೆ ಶುರುವಾಯಿತು. ಮೂರನೆಯ ಸಲವೂ ಹಾಗೇ ಆಯಿತು. ಗೊಬ್ಬರದ ಚೀಲದ ಮೇಲೆ ಕಾಲು ಮಡಚಿ ಕೂತೆ. ಟೆಸ್ಟರ್ ಹಿಡಿದು ಹತ್ತಿರ ಹೋಗುವ ಧೈರ್ಯವೂ ಉಳಿಯಲಿಲ್ಲ. ನಾಲ್ಕು ಹೆಜ್ಜೆಯ ಆ ಕೋಣೆಯಲ್ಲಿ ಒಂದು ಗಂಟೆ ಆ ಡಬ್ಬಿಯನ್ನೇ ನೋಡುತ್ತ ಕಳೆದೆ.

ಕಾಕಾ ಬಂದು ಬಾಗಿಲು ತೆಗೆದ. ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, ನಾನು ಮುಟ್ಟಲಿದ್ದ ತಂತಿಗೆ ಟೆಸ್ಟರ್ ಹಚ್ಚಿದೆ. ಟೆಸ್ಟರಿನ ದೀಪ ಹತ್ತಿತು. ತಂತಿಯಲ್ಲಿ ಕರೆಂಟ್ ಇತ್ತು.

"ಕರೆಂಟ್ ಹೋಗೇತಿ ಅಂದಿದ್ಯಲ್ಲ ಕಾಕಾ?"

"ಹೋಗೇತಲ್ಲೋ. ತ್ರೀ ಫೇಸ್ ಹೋಗೇತಿ. ಒಂದ್ ಫೇಸ್ ಯಾವಾಗ್ಲೂ ಇರತೈತಿ. ಅದರಾಗ ಮೋಟರ್ ತಿರಗಂಗಿಲ್ಲ, ಅದಕ್ಯಾರು ಕರೆಂಟ್ ಅಂತಾರ?"

ಆ ಒಂದು ಫೇಸಿನದೂ ಐವತ್ತರ ಕರೆಂಟೇ. ನಾನೂರರ ಸದ್ದು ದೇವಿಕೊಪ್ಪದ ಕಬ್ಬಿನ ಹೊಲಕ್ಕೆ ಎಲ್ಲಿಂದ ಬಂತೋ ನನಗೆ ಇಂದಿಗೂ ತಿಳಿದಿಲ್ಲ. ಅಂಜಿದವರ ಕಿವಿಗೆ ಏನೇನೋ ಕೇಳುತ್ತದೆ ಎಂದು ಜೊತೆಯ ಕೆಲಸಗಾರರು ನಗುತ್ತಾರೆ. ಇರಬಹುದು. ಆದರೆ ಮೊದಲ ಸಲ ಕೈ ಚಾಚಿದಾಗ ನನಗೆ ಎಳ್ಳಷ್ಟೂ ಅಂಜಿಕೆ ಇರಲಿಲ್ಲ. ಕರೆಂಟ್ ಹೋಗಿದೆ ಎಂದು ನಂಬಿದ್ದೆ.