ಎಲೆಕೋಸಿನ ಪರದೆ

ಸಾಗರದಿಂದ ತೀರ್ಥಹಳ್ಳಿಗೆ ಹೊರಟಿದ್ದ ನಮ್ಮ ಬಸ್ಸು ಹೊಸನಗರ ದಾಟಿದ ಮೇಲೆ ಪಂಕ್ಚರ್ ಆಗಿ ನಿಂತಿತು. ರಸ್ತೆಯ ಪಕ್ಕದ ಗದ್ದೆಯಲ್ಲಿ ಒಬ್ಬ ಹೆಂಗಸು ಎಲೆಕೋಸಿನ ಸಾಲುಗಳಿಗೆ ಸೊಳ್ಳೆಪರದೆಯಂಥ ಬಿಳಿ ಬಲೆ ಹೊದಿಸಿ, ಅದರ ಅಂಚನ್ನು ಮಣ್ಣಿನಲ್ಲಿ ಹೂಳುತ್ತಿದ್ದಳು. ಇದಿದ್ದರೆ ಔಷಧಿ ಹೊಡೆಯದೆಯೇ ಹುಳ ತಡೆಯಬಹುದೆಂದು ಆಕೆ ಹೇಳಿದಳು. ಕಣ್ಣಾರೆ ಕಾಣದ್ದನ್ನು ಒಪ್ಪುವವನಲ್ಲ ನಾನು.

“ಜೇನ್ನೊಣ ಒಳಗೆ ಹೋಗದಿದ್ದರೆ ಬೆಳೆ ಹೇಗೆ ಬರುತ್ತದಮ್ಮ?” ಎಂದೆ.

“ನಾವು ತಿನ್ನೋದು ಎಲೆ ಅಲ್ದಾ ಅಜ್ಜಾರೇ? ಕೋಸು ಹೂ ಬಿಟ್ರೆ ದನಕ್ಕೆ ಹಾಕ್ಬೇಕು ಅಷ್ಟೆ!” ಎಂದು ನಕ್ಕು, ನೀರು ತರಲು ಹೋದಳು.

ಸೋಲೊಪ್ಪಲು ಮನಸ್ಸಾಗಲಿಲ್ಲ. ಒಂದು ಹುಳವನ್ನಾದರೂ ಹಿಡಿದು ತೋರಿಸುವ ಹಟದಿಂದ ಮಣ್ಣು ಕೆದಕಿ ಬಲೆಯ ಅಂಚನ್ನು ಎತ್ತಿದೆ. ಹುಳವಿರಲಿ, ಎಲೆಗಳಲ್ಲಿ ಒಂದು ತೂತೂ ಇರಲಿಲ್ಲ. ನಾನು ಬಗ್ಗಿ ಹುಡುಕುತ್ತಿರುವಾಗಲೇ ಎರಡು ಬಿಳಿ ಚಿಟ್ಟೆಗಳು ನನ್ನ ಮೊಣಕೈ ಪಕ್ಕದಿಂದ ಒಳಗೆ ನುಗ್ಗಿದವು.

ಆಕೆ ಕೊಡ ಇಳಿಸಿ ಓಡಿಬಂದಳು. “ಅಯ್ಯೋ ದೇವ್ರೇ, ಇದನ್ನ ಎತ್ತಿದ್ದು ಯಾರು? ಅವು ಒಳಗೆ ಮೊಟ್ಟೆ ಇಟ್ರೆ ಅಷ್ಟೂ ಕೋಸು ಹುಳದ ಪಾಲು!”

“ಗಾಳಿಗೆ ಎದ್ದಿತು,” ಎಂದುಬಿಟ್ಟೆ.

ಆಕೆ ನನ್ನ ಬೆರಳುಗಳಿಗೆ ಮೆತ್ತಿದ್ದ ಹಸಿಮಣ್ಣನ್ನು ನೋಡಿದಳು. ಬಲೆಯೊಳಗೆ ನುಸುಳಿ, ಮಂಡಿಯೂರಿ, ಒಂದೊಂದೇ ಎಲೆಯನ್ನು ಮಗುಚಿ ನೋಡತೊಡಗಿದಳು. ಕಂಡಕ್ಟರ್ ಕೂಗಿದಾಗ ನಾನು ಬಸ್ಸು ಹತ್ತಿ, ಗದ್ದೆ ಕಾಣದ ಬದಿಯ ಸೀಟಿನಲ್ಲಿ ಕುಳಿತೆ.