ಕೊಕ್ಕೆಯ ಎರಡು ಚಿತ್ರಗಳು

ಬಸಣ್ಣ, ನಿಮ್ಮ ತಂಗಿಯ ಗಂಡ ಮಲ್ಲಪ್ಪ ಸತ್ತದ್ದು ನಿಮ್ಮ ತಪ್ಪಿನಿಂದಲ್ಲ. ಇದು ನನಗೆ ನಾಲ್ಕು ವರ್ಷದಿಂದ ಗೊತ್ತು. ಗೊತ್ತಿದ್ದೂ ನಿಮಗೆ ಬೇರೆಯದನ್ನೇ ತೋರಿಸಿ ಕಳಿಸಿದೆ.

ಪೀಣ್ಯದ ನಿಮ್ಮ ಕಾರ್ಖಾನೆಗೆ ನಾನು ಬಂದದ್ದು ಯಂತ್ರಗಳ ಫೋಟೋ ತೆಗೆಯಲು. ಅಂದು ನನ್ನ ಚೀಲದಲ್ಲಿ ಎರಡು ಕ್ಯಾಮೆರಾ ಇದ್ದವು — ಒಂದು ನನ್ನದು, ಇನ್ನೊಂದು ಅದಕ್ಕೆ ಪೈಪೋಟಿಯಾದ ಎದುರು ಕಂಪನಿಯದು, ಗೆಳೆಯನಿಂದ ಕೇಳಿ ತಂದದ್ದು. ನಾವು ಫೋಟೋಗ್ರಾಫರ್‌ಗಳು ಕ್ಯಾಮೆರಾ ಕಂಪನಿಗಳ ಹೆಸರಲ್ಲಿ ಕಾದಾಡುವುದನ್ನು ನೀವು ನೋಡಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಇದೇ ಜಗಳ. ಹೆತ್ತವರಿಗೆ ಹೆಗ್ಗಣ ಮುದ್ದು — ಹದಿನೈದು ವರ್ಷ ಒಂದೇ ಕಂಪನಿಯ ಕ್ಯಾಮೆರಾ ಹಿಡಿದ ನನಗೆ ಅದೇ ಶ್ರೇಷ್ಠ. ಅದನ್ನು ಸಾಬೀತು ಮಾಡಲು ಗೀರು, ತುಕ್ಕು, ಎಣ್ಣೆಕಲೆ ಎಲ್ಲ ಇರುವ ಒಂದು ವಸ್ತು ಬೇಕಿತ್ತು. ಊಟದ ಬಿಡುವಿನಲ್ಲಿ ಕ್ರೇನಿನ ಕೊಕ್ಕೆ ಎದೆಮಟ್ಟಕ್ಕೆ ಇಳಿದು ನಿಂತಿತ್ತು. ದಿನವೂ ಅದಕ್ಕೆ ಭಾರ ಕಟ್ಟುವ ನೀವೇ ಅದನ್ನು ಅಲುಗದಂತೆ ಹಿಡಿದುಕೊಂಡಿರಿ.

“ಎರಡರಾಗ ಯಾವ್ದು ಚಲೋ ಐತ್ರಿ ಸರ?” ಎಂದು ನಕ್ಕಿರಿ. ಮಲ್ಲಪ್ಪ ಪಕ್ಕದಲ್ಲಿ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ.

ಜಾಲಹಳ್ಳಿಯ ಮನೆಗೆ ಬಂದು ಎರಡೂ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ಅಕ್ಕಪಕ್ಕ ಇಟ್ಟೆ. ಒಂದೇ ಕೊಕ್ಕೆ, ಒಂದೇ ಬೆಳಕು. ಎದುರು ಕಂಪನಿಯ ಚಿತ್ರದಲ್ಲಿ, ಕೊಕ್ಕೆಯ ಕುತ್ತಿಗೆಯ ಒಳಬದಿಗೆ, ಕೂದಲೆಳೆಯಷ್ಟು ಕಪ್ಪು ಗೆರೆ. ನನ್ನ ಕ್ಯಾಮೆರಾದ ಚಿತ್ರದಲ್ಲಿ ಆ ಗೆರೆಯೇ ಇಲ್ಲ — ಮಬ್ಬು ಬೆಳಕಿನಲ್ಲಿ ಅದು ಸಣ್ಣದನ್ನೆಲ್ಲ ನುಣ್ಣಗೆ ಒರೆಸಿಬಿಟ್ಟಿತ್ತು.

ಅದೇನೆಂದು ತಿಳಿಯಲಿಲ್ಲ ಎಂದರೆ — ಇಲ್ಲ, ಸುಳ್ಳು. ನನ್ನಪ್ಪ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಪರೀಕ್ಷಿಸುತ್ತಿದ್ದವರು. ಬಿರುಕು ಹೇಗಿರುತ್ತದೆಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ನನಗೆ ಬಿರುಕು ಕಂಡಿತು. ಆದರೆ ಅದಕ್ಕಿಂತ ಮೊದಲು ಕಂಡದ್ದು ನನ್ನ ಸೋಲು. ಈ ಚಿತ್ರ ಗುಂಪಿಗೆ ಹಾಕಿದರೆ ಎಲ್ಲರೂ ನಗುತ್ತಾರೆ — ತಲೆಯಲ್ಲಿದ್ದದ್ದು ಅಷ್ಟೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಎರಡನ್ನೂ ಬಚ್ಚಿಟ್ಟು, ನನ್ನ ಕ್ಯಾಮೆರಾವೇ ಮೇಲೆನಿಸುವ ಬಣ್ಣದ ಗೋಡೆಯೊಂದರ ಚಿತ್ರಗಳನ್ನು ಗುಂಪಿಗೆ ಹಾಕಿ ಗೆದ್ದೆ. ಕಾರ್ಖಾನೆಗೆ ಒಂದು ಫೋನ್ ಮಾಡಬೇಕು ಎಂದುಕೊಂಡೆ — ನಾಳೆ, ನಾಳಿದ್ದು... ಅವರೇ ನೋಡಿಕೊಳ್ಳುತ್ತಾರೆ...

ಹನ್ನೆರಡನೆಯ ದಿನ ಕೊಕ್ಕೆ ಮುರಿಯಿತು. ಕೆಳಗೆ ಮಲ್ಲಪ್ಪ ಇದ್ದ.

ಕೊಕ್ಕೆ ಗಟ್ಟಿಯಾಗಿಯೇ ಇತ್ತು, ಬಸವರಾಜ, ಅಂದರೆ ನೀವು, ಮಿತಿಮೀರಿ ಭಾರ ಕಟ್ಟಿದ್ದೇ ಕಾರಣ ಎಂದು ಕಾರ್ಖಾನೆಯವರು ಬರೆದುಕೊಂಡರು. ಮುರಿದ ತುಂಡು ಗುಜರಿಗೆ ಹೋಯಿತು. ವಾರ ಕಳೆದು ನೀವು ನನ್ನ ಸ್ಟುಡಿಯೋ ಹುಡುಕಿಕೊಂಡು ಬಂದಿರಿ.

“ಸರ, ನೀವು ಹುಕ್ಕಿನ ಫೋಟೋ ತಗದಿದ್ರಲ್ರೀ, ಅದರಾಗ ಏನರ ಕಾಣ್ತೈತೇನ್ರಿ? ನಾ ಭಾರ ಸರಿ ಕಟ್ಟಿದ್ದೆ ಅನಸ್ತೈತ್ರಿ...”

ನಾನು ತೋರಿಸಿದೆ — ನನ್ನ ಕ್ಯಾಮೆರಾದ ಚಿತ್ರವನ್ನು. ಇನ್ನೊಂದನ್ನು ತೋರಿಸಿದ್ದರೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ನನ್ನ ಕೊರಳಿಗೇ ಬರುತ್ತಿತ್ತು. ನೀವು ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಿರಿ. ತುಂಬ ಹೊತ್ತು ನೋಡಿದಿರಿ.

“ಹಂಗಾರ ನಂದೇ ತಪ್ಪು ಇರಬೇಕ್ರಿ.”

ಅಲ್ಲ ಎನ್ನಲಿಲ್ಲ ನಾನು. ಚಹಾ ತರಿಸಲೇ ಎಂದೆ. ಎಂಥ ಪಾಪಿ!

ನೀವು ಅಲ್ಲಿಂದ ನೇರ ಲಗ್ಗೆರೆಗೆ ಹೋಗಿ ತಂಗಿಯೆದುರು ತಪ್ಪೊಪ್ಪಿಕೊಂಡಿರಂತೆ. ಅಂದು ಹಾಕಿದ ಬಾಗಿಲನ್ನು ಆಕೆ ನಿಮಗೆ ಇನ್ನೂ ತೆರೆದಿಲ್ಲವಂತೆ. ಮೊನ್ನೆ ನಿಮ್ಮ ಜೊತೆಯವರೊಬ್ಬರು ಹೇಳಿದರು. ಮಾಡದ ತಪ್ಪನ್ನು ನಿಮ್ಮ ಬಾಯಿಂದಲೇ ಹೇಳಿಸಿದವನು ನಾನು.

ಎದುರು ಕಂಪನಿಯ ಕ್ಯಾಮೆರಾದ ಆ ಚಿತ್ರ ಈಗಲೂ ನನ್ನಲ್ಲಿದೆ. ತೆಗೆದ ದಿನ, ಗಂಟೆ ಅದರೊಳಗೇ ದಾಖಲಾಗಿದೆ. ಈ ಪತ್ರದ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ಇನ್ನೊಂದನ್ನು ಠಾಣೆಗೆ ನಾನೇ ಒಯ್ಯುತ್ತೇನೆ, ಅಲ್ಲಿ ಏನು ಮಾಡುತ್ತಾರೋ ಮಾಡಲಿ. ಅದಕ್ಕೂ ಮೊದಲು ಲಗ್ಗೆರೆಗೆ ಹೋಗಿ, ನಿಮ್ಮ ತಂಗಿಯ ಮುಂದೆ ನಿಂತು, “ನಿಮ್ಮಣ್ಣ ಭಾರ ಸರಿಯಾಗಿಯೇ ಕಟ್ಟಿದ್ದರು” ಎಂದು ಹೇಳುತ್ತೇನೆ. ಆಕೆ ಬಾಗಿಲನ್ನು ನನ್ನ ಮುಖಕ್ಕೆ ಹಾಕಲಿ. ನಾಲ್ಕು ವರ್ಷದ ಹಿಂದೆಯೇ ಹಾಕಬೇಕಾಗಿದ್ದದ್ದು ಈ ಮುಖಕ್ಕೆ.