ಚಾರ್ಜ್ ಕೊಡುವ ಹಾಲಸ್ವಾಮಿ

ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಿರುವ ನಮ್ಮ ಬ್ಯಾಂಕಿನ ಹಾಲಸ್ವಾಮಿಯವರು ಯಾರನ್ನೂ ಊಟವಾಯಿತೇ ಎಂದು ಕೇಳುವುದಿಲ್ಲ, ‘ಚಾರ್ಜ್ ಎಷ್ಟೈತ್ರಿ?’ ಎನ್ನುತ್ತಾರೆ. ಅವರ ಫೋನು ವಯರಿಲ್ಲದೆ ಇನ್ನೊಂದು ಫೋನಿಗೆ ಚಾರ್ಜ್ ಕೊಡುತ್ತದೆ. ಬೆನ್ನಿಗೆ ಬೆನ್ನು ತಾಗಿಸಿಟ್ಟರೆ ಸಾಕು. ತಿಂಗಳಿಗೊಮ್ಮೆ ಮೀಟಿಂಗಿಗೆಂದು ನಾವಿಬ್ಬರೂ ವಿಜಯವಾಡದ ರೈಲು ಹತ್ತಿದರೆ, ಅನಕಾಪಲ್ಲಿ ದಾಟುವ ಮೊದಲೇ ಕರವಸ್ತ್ರ ಹಾಸಿ, ತಮ್ಮ ಫೋನನ್ನು ಅದರ ಮೇಲೆ ಬೋರಲು ಮಲಗಿಸಿ, ಪಕ್ಕದವರನ್ನು ‘ಚಾರ್ಜಿಂಗ್ ಕಾವಾಲಾ ಅಂಡಿ?’ ಎಂದು ವಿಚಾರಿಸುತ್ತಾರೆ. ಬೇಕು ಅಂದವರು ಕೆಟ್ಟರು. ‘ಅಲುಗಾಡಿಸಬ್ಯಾಡ್ರಿ, ನಿಂತು ಹೋಗ್ತೈತಿ’ ಎಂಬ ಕಟ್ಟಪ್ಪಣೆಯಾಗುತ್ತದೆ. ಫೋನು ಬಿಟ್ಟು ಏಳಲಾರದ ಆ ಪ್ರಾಣಿ ಹಾಲಸ್ವಾಮಿಯವರ ಏಳು ವರ್ಗಾವಣೆ, ಎರಡು ಮೊಣಕಾಲು, ಮಂಡಕ್ಕಿಯನ್ನು ಮರಮರಾಲು ಎನ್ನುವ ಜನರ ಮೇಲಿನ ದೂರು, ಎಲ್ಲವನ್ನೂ ಕೇಳಬೇಕು. ಒಮ್ಮೆ ಟಿಕೆಟ್ ನೋಡಲು ಬಂದವರೇ ಸಾಮರ್ಲಕೋಟದವರೆಗೆ ಸೆರೆಯಾಗಿದ್ದರು. ರಾಜಮಂಡ್ರಿ ಬಂದರೂ ಚಾರ್ಜ್ ಒಂಬತ್ತು ಪರ್ಸೆಂಟ್ ಏರಿದರೆ ಪುಣ್ಯ. ಯಾಕೆಂದರೆ ಮಾತು ರಂಗೇರಿದಾಗ ಅವರ ಕಿರುಬೆರಳು ಮೇಲಿನ ಫೋನನ್ನು ಎಳ್ಳಷ್ಟು ಪಕ್ಕಕ್ಕೆ ಸರಿಸಿ ಚಾರ್ಜ್ ನಿಲ್ಲಿಸುತ್ತದೆ, ನಾನೇ ಕಂಡಿದ್ದೇನೆ. ಜಗಳವಾಡಬೇಕೆಂದೇ ಇದ್ದೆ. ಆದರೆ ಇನ್ನೊಂದನ್ನೂ ಕಂಡೆ: ಆರು ತಾಸಿನ ಪ್ರಯಾಣದಲ್ಲಿ ಕೆಳಗೆ ಮಲಗಿದ ಅವರ ಫೋನು ಒಮ್ಮೆಯೂ ರಿಂಗಾಗುವುದಿಲ್ಲ. ಈ ತಿಂಗಳು ರೈಲು ಹೊರಟ ಕೂಡಲೇ, ತೊಂಬತ್ತೆಂಟು ಪರ್ಸೆಂಟ್ ಇದ್ದ ನನ್ನ ಫೋನನ್ನು ಆಫ್ ಮಾಡಿ ಅವರ ಮುಂದಿಟ್ಟೆ. ‘ಪೂರ್ತಿ ಖಾಲಿ ಸಾರ್’ ಎಂದೆ.